ಕೂರ್ಮಲಾಂಛನವೂ ಮನೆಯೊಳಗಿನ ಆಮೆಯೂ

ಇಪ್ಪತ್ತನೆಯ ತೀರ್ಥಂಕರರಾದ ಮುನಿಸುವ್ರತಸ್ವಾಮಿಯ ಲಾಂಛನ ಕೂರ್ಮ. ಬಿಂಬದ ಪೀಠದಲ್ಲಿ ಕೊರೆದಿರುವ ಆ ಪುಟ್ಟ ಆಮೆಯ ಮೇಲೆ ಬಸದಿಗೆ ಬಂದ ಮಕ್ಕಳ ಕಣ್ಣು ಸ್ವಾಮಿಯ ಮುಖಕ್ಕಿಂತ ಮೊದಲು ಬೀಳುವುದುಂಟು. ಅದು ಅವರ ಎತ್ತರಕ್ಕೇ ಇರುವುದೂ ಅದಕ್ಕೆ ಕಾರಣವಿರಬಹುದು. ಹೀಗೆ ಬಸದಿಯಲ್ಲಿ ಪರಿಚಯವಾದ ಪ್ರಾಣಿ ಮನೆಗೂ ಬರಲಿ ಎಂದು ಮಗುವೊಂದು ಹಠ ಹಿಡಿದರೆ ಹಿರಿಯರು ಏನು ಹೇಳಬೇಕು? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಅಣುವ್ರತಗಳನ್ನು ಒಪ್ಪಿಕೊಂಡ ಗೃಹಸ್ಥನು ಅದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದರೆ, ಅಹಿಂಸೆಯ ಬಗೆಗೆ ತಾನು ತಿಳಿದಿರುವುದೆಷ್ಟು ಎಂಬ ಅನುಮಾನ ಅವನನ್ನೇ ಎದುರುಗೊಳ್ಳುತ್ತದೆ.

ಮೊದಲಿಗೆ, ಆಮೆಯ ಪರವಾಗಿ ಹೇಳಬಹುದಾದುದೆಲ್ಲವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ನಮ್ಮ ಶ್ರಾವಕಾಚಾರದ ಆಚಾರ್ಯರು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅವು ಇತರ ಜೀವಿಗಳನ್ನು ಕೊಂದು ಬದುಕುವುದರಿಂದ ಸಾಕುವವನು ಆ ಹಿಂಸೆಯಲ್ಲಿ ಪಾಲುದಾರನಾಗುತ್ತಾನೆ ಎಂಬುದು ಅಲ್ಲಿನ ತರ್ಕ. ನೆಲದ ಆಮೆಗೆ ಈ ದೋಷ ಬಹುಮಟ್ಟಿಗೆ ತಟ್ಟುವುದಿಲ್ಲ. ಹುಲ್ಲು, ಸೊಪ್ಪು, ಹೂವು, ಕಳ್ಳಿಯ ಎಲೆ, ಉದುರಿದ ಹಣ್ಣು ಇವೇ ಅದರ ಮುಖ್ಯ ಆಹಾರ. ಬೊಗಳುವುದಿಲ್ಲ, ಕೂದಲುದುರಿಸುವುದಿಲ್ಲ, ನೆರೆಯವರಿಗೆ ತೊಂದರೆಯಿಲ್ಲ. ನಗರದ ಎರಡು ಕೋಣೆಯ ಮನೆಯಲ್ಲಿ, ಅಡುಗೆಮನೆಯ ಶುಚಿಯನ್ನು ಕಾಯುವ ಅಜ್ಜಿಯ ಕಣ್ಣೆದುರೇ ಇದನ್ನು ಇಟ್ಟುಕೊಳ್ಳಬಹುದು. ಜೈನರ ಮನೆಗೆ ಹೇಳಿ ಮಾಡಿಸಿದ ಪ್ರಾಣಿ ಎಂದು ಯಾರಾದರೂ ಹೇಳಿದರೆ ಮೇಲುನೋಟಕ್ಕೆ ತಪ್ಪಿಲ್ಲ.

ಅದರ ಜೊತೆಗೆ ಶುಭಾಶುಭದ ಮಾತೂ ಸೇರಿಕೊಳ್ಳುತ್ತದೆ. ಆಮೆ ಹೊಕ್ಕ ಮನೆ ಏಳಿಗೆಯಾಗದು ಎನ್ನುವವರಿದ್ದಾರೆ. ಆಮೆಯಿದ್ದಲ್ಲಿ ಸಿರಿ ನೆಲೆಸುತ್ತದೆ ಎನ್ನುವವರೂ ಇದ್ದಾರೆ. ಎರಡೂ ಲೋಕಮೂಢತೆಯೇ. ಇವುಗಳಲ್ಲಿ ಯಾವುದು ನಿಜವೆಂದು ವಿಚಾರಿಸುವ ಶ್ರಮ ವ್ಯರ್ಥ. ಲಾಂಛನವಾದ್ದರಿಂದ ಮನೆಯಲ್ಲಿರುವುದು ಮಂಗಳ ಎಂಬ ಮಾತು ಮಾತ್ರ ಭಕ್ತಿಯ ವೇಷದಲ್ಲಿ ಬರುತ್ತದೆ. ಅದಕ್ಕೊಂದು ಉತ್ತರ ಬೇಕು. ಮಹಾವೀರಸ್ವಾಮಿಯ ಲಾಂಛನ ಸಿಂಹ, ಶ್ರೇಯಾಂಸನಾಥರದು ಖಡ್ಗಮೃಗ. ಅವುಗಳನ್ನು ಮನೆಗೆ ತರಬೇಕೆಂದು ಈವರೆಗೆ ಯಾವ ಶ್ರಾವಕನಿಗೂ ಅನಿಸಿದಂತಿಲ್ಲ. ಆಮೆಯ ವಿಷಯದಲ್ಲಿ ಅನಿಸುವುದು ಭಕ್ತಿ ಹೆಚ್ಚಾದುದರಿಂದಲ್ಲ, ಆಮೆ ಎದುರಾಡಲಾರದು ಎಂಬುದರಿಂದ.

ಸಾಕಲು ಬಯಸುವವನು ಸಾಮಾನ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ನಕ್ಷತ್ರ ಆಮೆಯನ್ನು. ಕಪ್ಪು ಚಿಪ್ಪಿನ ಪ್ರತಿಯೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ಕಿರಣಗಳಂತೆ ಹರಡಿರುವ ಈ ಜೀವಿ ರಾಜಸ್ಥಾನ, ಗುಜರಾತುಗಳ ಒಣನೆಲದಲ್ಲಿಯೂ, ಆಂಧ್ರ, ತಮಿಳುನಾಡುಗಳಲ್ಲಿಯೂ, ಶ್ರೀಲಂಕೆಯಲ್ಲಿಯೂ ಇದೆ. ಕರ್ನಾಟಕದಲ್ಲಿ ಕೋಲಾರದ ಕಡೆಯ ಕುರುಚಲು ಕಾಡು ಅದರ ನೆಲೆಗಳಲ್ಲೊಂದು. ಬೇಸಗೆಯ ಬಿಸಿಲಿನಲ್ಲಿ ಪೊದೆಯ ಬುಡ ಹಿಡಿದು ಕೂರುವ ಇದು ಮಳೆ ಬಿದ್ದೊಡನೆ ಚುರುಕಾಗುತ್ತದೆ. ಸಂಗಾತಿಯನ್ನು ಅರಸಿ, ಮೇವನ್ನು ಅರಸಿ ಹೊರಡುತ್ತದೆ. ಮುನಿಗಳು ಚಾತುರ್ಮಾಸವೆಂದು ಒಂದೆಡೆ ನಿಲ್ಲುವ ಕಾಲದಲ್ಲಿಯೇ ಆಮೆಯ ವಿಹಾರ ಆರಂಭವಾಗುವುದು ಒಂದು ವಿನೋದ. ಮುನಿಗಳು ನಿಲ್ಲುವುದು ಇಂತಹ ಜೀವಿಗಳು ನಿರಾತಂಕವಾಗಿ ನಡೆಯಲೆಂದೇ ಅಲ್ಲವೆ?

ಈ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಂದ ತಿದ್ದುಪಡಿಯು ನಕ್ಷತ್ರ ಆಮೆಯನ್ನು ಮೊದಲನೆಯ ಅನುಸೂಚಿಗೆ ಏರಿಸಿತು. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ತಪ್ಪಿತಸ್ಥರಿಗೆ 3ರಿಂದ 7 ವರ್ಷಗಳ ಸೆರೆವಾಸವೂ ದಂಡವೂ ಇದೆ. ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದದಲ್ಲಿಯೂ 2019ರಿಂದ ಇದು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಸೇರಿದೆ. ಇಷ್ಟಾದರೂ ವ್ಯಾಪಾರ ನಿಂತಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ವ್ಯಾಪಾರಕೇಂದ್ರದ ಸುತ್ತಮುತ್ತಣಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿಯಲಾಗುತ್ತಿತ್ತು. ಹೊಲದಂಚಿನಲ್ಲಿ ಆಮೆಮರಿಯನ್ನು ಹೆಕ್ಕಿದವನಿಗೆ ಸಿಗುವುದು ಅಲ್ಪ ಹಣ. ಮರಿಗಳು ಕಾಲು ಅಲುಗದಂತೆ ಟೇಪು ಸುತ್ತಿಸಿಕೊಂಡು, ಪೆಟ್ಟಿಗೆಗಳಲ್ಲಿ ಬಟ್ಟೆಯ ನಡುವೆ ಅಡಗಿ ವಿಮಾನ ಹತ್ತುತ್ತವೆ. ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಪೆಟ್ಟಿಗೆ ತೆರೆದಾಗ ಬದುಕಿದ್ದುದು ಗಾಜಿನ ತೊಟ್ಟಿಗೆ ಹೋಗುತ್ತದೆ. ಆ ಒಂದನ್ನು ಕೊಳ್ಳುವವನು ತಾನು ಯಾರನ್ನೂ ಕೊಲ್ಲಲಿಲ್ಲ ಎಂದುಕೊಳ್ಳಬಹುದು. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಹುಟ್ಟಿದವನಿಗೆ ಆ ಸಮಾಧಾನ ದೊರೆಯಲಾರದು.

ಆದರೆ ಕಾನೂನಿನ ಮಾತಿನಲ್ಲಿಯೇ ವಿಷಯವನ್ನು ಮುಗಿಸಿಬಿಡುವುದು ಸೋಮಾರಿತನವಾದೀತು. ಕಾನೂನು ಬದಲಾಗುತ್ತದೆ. ನಾಳೆ ಸರ್ಕಾರವು ಸಾಕಿದ ಆಮೆಗಳಿಗೇ ಹುಟ್ಟಿದ ಮರಿಗಳನ್ನು ಮಾರಲು ಒಪ್ಪಿಗೆ ಕೊಟ್ಟಿತೆಂದು ಭಾವಿಸೋಣ. ವಿದೇಶದ ಕೆಲವು ಆಮೆಗಳನ್ನು ಈಗಲೂ 2024ರ ನಿಯಮಗಳಂತೆ ನೋಂದಣಿ ಮಾಡಿಸಿ ಇಟ್ಟುಕೊಳ್ಳುವ ಅವಕಾಶವಿದೆ. ಕಾಡಿನಿಂದ ಕದ್ದದ್ದಲ್ಲ, ಟೇಪು ಸುತ್ತಿದ್ದಲ್ಲ, ಪತ್ರಗಳೆಲ್ಲ ಸರಿಯಾಗಿವೆ, ಆಗ ಸಾಕಬಹುದೇ? ನಿಜವಾದ ಜಿಜ್ಞಾಸೆ ಇಲ್ಲಿಂದ ಆರಂಭವಾಗುತ್ತದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಹೊಡೆತ, ಅಂಗಚ್ಛೇದ, ಮಿತಿಮೀರಿದ ಹೊರೆ, ಅನ್ನನೀರುಗಳ ತಡೆ ಇವೆಲ್ಲಕ್ಕಿಂತ ಮೊದಲು ಇಟ್ಟಿರುವುದು ಬಂಧವನ್ನು. ಬಂಧವೆಂದರೆ ಹಗ್ಗವೆಂದೂ ಸರಪಳಿಯೆಂದೂ ಸಾಮಾನ್ಯರು ತಿಳಿಯುತ್ತಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುವ ಬಗೆ ಬೇರೆ: ಜೀವಿಯು ತನಗೆ ಇಷ್ಟವಾದೆಡೆಗೆ ಹೋಗದಂತೆ ಆಗುವುದಕ್ಕೆ ಕಾರಣವಾದುದೇ ಬಂಧ ಎಂಬುದು ಅವರ ಅಭಿಪ್ರಾಯ. ಹಗ್ಗದ ಮಾತೇ ಅಲ್ಲಿ ಮುಖ್ಯವಲ್ಲ. ಬಿಸಿಲುಮಚ್ಚಿನ ಮೋಟುಗೋಡೆ ಸಾಕು, ಗಾಜಿನ ತೊಟ್ಟಿ ಸಾಕು. ಮನೆಯಲ್ಲಿಟ್ಟ ಆಮೆ ಗೋಡೆಯ ಬುಡವನ್ನೇ ಹಿಡಿದು ಈ ಮೂಲೆಯಿಂದ ಆ ಮೂಲೆಗೆ, ಮತ್ತೆ ಹಿಂದಕ್ಕೆ ನಡೆಯುವುದನ್ನು ಸಾಕಿದವರೆಲ್ಲ ಕಂಡಿರುತ್ತಾರೆ. ಗಾಜಿನಾಚೆ ಕಾಣುವ ಬೆಳಕಿನೆಡೆಗೆ ಮುಂಗಾಲು ಗೀರುತ್ತಾ ಗಂಟೆಗಟ್ಟಲೆ ನಿಲ್ಲುವುದೂ ಉಂಟು. ಆಟವಾಡುತ್ತಿದೆ ಎಂದು ಮನೆಯವರು ಸಂತೋಷಪಡುತ್ತಾರೆ.

ಹಾಗಾದರೆ ಹಸುವನ್ನು ಕಟ್ಟುವುದಿಲ್ಲವೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಇದಕ್ಕೆ ಶ್ರಾವಕಾಚಾರದ ವ್ಯಾಖ್ಯಾನಕಾರರು ದಾರಿ ತೋರಿಸಿದ್ದಾರೆ. ಅವರು ಸಾಪೇಕ್ಷ ಬಂಧವನ್ನು ನಿರಪೇಕ್ಷ ಬಂಧದಿಂದ ಬೇರ್ಪಡಿಸುತ್ತಾರೆ. ಅಗತ್ಯಕ್ಕೆ ಕಟ್ಟುವುದಾದರೆ ಗಂಟು ಸಡಿಲವಾಗಿರಬೇಕು, ಪ್ರಾಣಿಗೆ ಮೈಯಾಡಿಸಲು ಎಡೆಯಿರಬೇಕು, ಬೆಂಕಿ ಬಿದ್ದರೆ ಬಿಡಿಸಿಕೊಂಡು ಓಡುವಂತಿರಬೇಕು. ಕೃಷಿಕನ ಹಸು ಬೆಳಗ್ಗೆ ಕೊಟ್ಟಿಗೆಯಿಂದ ಹೊರಟು ಸಂಜೆ ತಾನಾಗಿಯೇ ಮನೆಗೆ ಮರಳುತ್ತದೆ. ಮನುಷ್ಯನೊಡನೆ ಸಹಸ್ರಾರು ವರ್ಷಗಳ ಕೊಡುಕೊಳೆ ಅದಕ್ಕಿದೆ. ಅದರ ಸುತ್ತ ನಡೆಯುವ ಹಿಂಸೆ ಉದ್ಯೋಗಿ ಹಿಂಸೆಯೆಂದು ಗೃಹಸ್ಥನ ಲೆಕ್ಕದಲ್ಲಿ ಎಣಿಕೆಯಾಗುತ್ತದೆ. ಇಂದಿನ ಹೈನುಗಾರಿಕೆಯಲ್ಲಿ ಈ ಮಾತು ಎಷ್ಟು ಉಳಿದಿದೆ ಎಂಬುದು ಬೇರೊಂದು ಲೇಖನಕ್ಕೆ ವಿಷಯ. ಅಲ್ಲಿಯೂ ಜೈನರು ನಾಚಬೇಕಾದದ್ದು ಸಾಕಷ್ಟಿದೆ. ಆಮೆಯ ಮಟ್ಟಿಗೆ ಹೇಳುವುದಾದರೆ, ಬಾಗಿಲು ತೆರೆದಿಟ್ಟರೆ ಅದು ಹೋಗುತ್ತದೆ, ಸಂಜೆಗೆ ಮರಳುವುದಿಲ್ಲ. ಅದರಿಂದ ಹಾಲಿಲ್ಲ, ಗೊಬ್ಬರವಿಲ್ಲ, ಕಾವಲಿಲ್ಲ. ನೋಡುವ ಸುಖವೊಂದೇ. ಆ ಸುಖಕ್ಕಾಗಿ ಮಾಡುವ ಬಂಧವನ್ನು ಆರಂಭೀ ಹಿಂಸೆಯೆನ್ನಲಾಗದು, ಉದ್ಯೋಗಿಯೆನ್ನಲಾಗದು, ವಿರೋಧಿಯಂತೂ ಅಲ್ಲವೇ ಅಲ್ಲ. ಉಳಿಯುವುದು ಯಾವುದೆಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ಬೆಕ್ಕಿನ ವಿಷಯದಲ್ಲಿ ಬಾಗಿಲಿನಿಂದ ಹೊರಗೆ ಹಾಕಿದ ಅನರ್ಥದಂಡ ಆಮೆಯ ವಿಷಯದಲ್ಲಿ ಕಿಟಕಿಯಿಂದ ಒಳಗೆ ಬಂದಂತಾಯಿತು.

ನೇಮಿನಾಥಸ್ವಾಮಿಯ ವೃತ್ತಾಂತವನ್ನು ಅರಿಯದ ಜೈನರಿಲ್ಲ. ವಿವಾಹಕ್ಕೆ ಹೊರಟ ಕುಮಾರನು ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದವನ್ನು ಕೇಳಿ, ಅವು ತನ್ನ ಮದುವೆಯ ಔತಣಕ್ಕೆಂದು ತಿಳಿದು, ರಥವನ್ನು ತಿರುಗಿಸಿ ಗಿರ್ನಾರದತ್ತ ನಡೆದನು. ಆ ಕಥೆಯಲ್ಲಿ ಪ್ರಾಣಿಗಳಿಗೆ ದನಿಯಿತ್ತು. ಆಮೆಗೆ ದನಿಯಿಲ್ಲ. ಹಸಿದರೆ ಕೂಗುವುದಿಲ್ಲ, ನೋವಾದರೆ ನರಳುವುದು ಕೇಳಿಸುವುದಿಲ್ಲ. ಸೌತೆಕಾಯಿ, ಟೊಮೆಟೊ, ಅನ್ನ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಇವನ್ನು ಪ್ರೀತಿಯಿಂದ ತಿನ್ನಿಸಿದ ಮನೆಯಲ್ಲಿ, ನೇರ ಬಿಸಿಲು ಕಾಣದ ಮೂಲೆಯಲ್ಲಿ, ಮರಿಯ ಚಿಪ್ಪು ತಿಂಗಳು ತಿಂಗಳಿಗೂ ಮೆದುವಾಗುತ್ತಾ, ಮೂಳೆ ಸುಣ್ಣದಂಶವಿಲ್ಲದೆ ಡೊಂಕಾಗುತ್ತಾ ಹೋಗುತ್ತದೆ. ತಣ್ಣನೆಯ ತೇವದ ನೆಲದಲ್ಲಿ ಅದರ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂಗಿನಲ್ಲಿ ಗುಳ್ಳೆ ಬಂದಾಗ ಮನೆಯವರಿಗೆ ಗೊತ್ತಾಗುತ್ತದೆ, ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಎಂತಹ ಊರಿನಲ್ಲಿಯೂ ಹಸುವಿಗೆ ವೈದ್ಯರು ಸಿಕ್ಕಾರು. ಆಮೆಯನ್ನು ಪರೀಕ್ಷಿಸಿ ಬಲ್ಲವರು ನಗರಗಳಲ್ಲೂ ವಿರಳ. ಆಮೆ ಸಾಯುವುದು ನಿಧಾನವಾಗಿ. ವರ್ಷವೊಂದು ಸರಿಯಾಗಿ ತಿನ್ನದೆಯೂ ಬದುಕಿರುವುದನ್ನೇ ಮನೆಯವರು ಆರೋಗ್ಯವೆಂದು ತಿಳಿಯುತ್ತಾರೆ. ಮೊದಲ ಬಾರಿಗೆ ಸಾಕುವವನ ತಪ್ಪುಗಳೆಲ್ಲವೂ ಒಂದು ಪಂಚೇಂದ್ರಿಯ ಜೀವಿಯ ಮೇಲೆ ಆಗುತ್ತವೆ, ಆ ಜೀವಿ ಒಂದನ್ನೂ ತಿದ್ದಿ ಹೇಳಲಾರದು. ಕೂಗು ಕೇಳಿದ ಮೇಲೆ ರಥ ತಿರುಗಿಸಲು ಕರುಣೆ ಬೇಕು. ಕೂಗೇ ಇಲ್ಲದೆಡೆ ಕರುಣೆಯ ಜೊತೆಗೆ ಜ್ಞಾನವೂ ಬೇಕಾಗುತ್ತದೆ.

ಶ್ವೇತಾಂಬರ ಆಗಮಗಳಲ್ಲಿ ಒಂದಾದ ಜ್ಞಾತಾಧರ್ಮಕಥಾದಲ್ಲಿ ಎರಡು ಆಮೆಗಳ ಕಥೆಯಿದೆ. ವಾರಾಣಸಿಯ ಬಳಿಯ ಮಡುವಿನಿಂದ ದಡಕ್ಕೆ ಬಂದ ಅವು ಎರಡು ನರಿಗಳನ್ನು ಕಂಡು ಅಂಗಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ನರಿಗಳು ಉರುಳಿಸಿ, ಕೆರೆದು, ಏನೂ ಆಗದೆ ಮರೆಯಲ್ಲಿ ಅಡಗಿ ಕಾಯುತ್ತವೆ. ಒಂದು ಆಮೆ ಅವಸರಪಟ್ಟು ಒಂದೊಂದೇ ಕಾಲನ್ನು ಹೊರಚಾಚಿ ಪ್ರಾಣ ಕಳೆದುಕೊಳ್ಳುತ್ತದೆ. ಇನ್ನೊಂದು ಸಂಯಮದಿಂದಿದ್ದು ಉಳಿಯುತ್ತದೆ. ಇಂದ್ರಿಯನಿಗ್ರಹಕ್ಕೆ ದೃಷ್ಟಾಂತವಾಗಿ ಸಾಧುಗಳಿಗೆ ಹೇಳಿದ ಕಥೆ ಅದು. ಆದರೆ ಆಮೆಯಿರುವ ಮನೆಗೆ ನೆಂಟರ ಮಕ್ಕಳು ಬಂದ ದಿನ ಅಲ್ಲಿ ನಡೆಯುವುದನ್ನು ನೋಡಬೇಕು. ಆಮೆಯನ್ನು ಕೈಗೆತ್ತಿಕೊಳ್ಳುತ್ತಾರೆ, ಅದು ಒಳಗೆ ಸೇರಿಕೊಳ್ಳುತ್ತದೆ. ಚಿಪ್ಪಿನ ಮೇಲೆ ತಟ್ಟುತ್ತಾರೆ, ಮಗುಚಿ ನೋಡುತ್ತಾರೆ, ಮತ್ತೆ ನೆಲಕ್ಕಿಟ್ಟು ತಲೆ ಹೊರಗೆ ಬರುವುದನ್ನೇ ಉಸಿರು ಬಿಗಿಹಿಡಿದು ಕಾಯುತ್ತಾರೆ. ಮಕ್ಕಳ ಮನಸ್ಸಿನಲ್ಲಿ ಕ್ರೌರ್ಯವಿಲ್ಲ, ನಿಜ. ಆಮೆಗೆ ಆ ವ್ಯತ್ಯಾಸ ತಿಳಿಯುವ ಬಗೆಯಿಲ್ಲ. ಬೆರಳು ತಟ್ಟಿದರೂ ಪಂಜ ತಟ್ಟಿದರೂ ಅದು ಒಳಗೆ ಸೇರುವುದು ಒಂದೇ ಕಾರಣಕ್ಕೆ.

ಪ್ರಾಣಿಯೊಡನೆ ಬೆಳೆದ ಮಗುವಿನಲ್ಲಿ ಜೀವದಯೆ ಮೂಡುತ್ತದೆ ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಪುಸ್ತಕದಲ್ಲಿ ಓದಿದ ಅಹಿಂಸೆಗೂ ಕೈಯಿಂದ ಸೊಪ್ಪು ತಿನ್ನಿಸಿ ಕಲಿತ ಪ್ರೀತಿಗೂ ಅಂತರವಿದೆ. ಆಮೆಗೂ ಒಂದು ಬಗೆಯ ಪರಿಚಯಬುದ್ಧಿಯಿದೆ. ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್ ಎಂಬಾತ 1789ರಲ್ಲಿ ಪ್ರಕಟಿಸಿದ ಸೆಲ್ಬೋರ್ನ್ ಗ್ರಾಮದ ನಿಸರ್ಗಚರಿತ್ರೆಯಲ್ಲಿ, ತನ್ನ ಸೋದರತ್ತೆಯ ತೋಟದಲ್ಲಿದ್ದ ಟಿಮೊತಿ ಎಂಬ ಆಮೆಯ ವಿಚಾರ ಬರೆದಿದ್ದಾನೆ. ಮೂವತ್ತು ವರ್ಷಗಳಿಗೂ ಮೀರಿ ಊಟವಿಟ್ಟ ಆ ವೃದ್ಧೆಯನ್ನು ಕಂಡೊಡನೆ ಅದು ತಡವರಿಸುತ್ತಾ ಅವಳೆಡೆಗೆ ಬರುತ್ತಿತ್ತು, ಇತರರನ್ನು ಲಕ್ಷಿಸುತ್ತಿರಲಿಲ್ಲ ಎನ್ನುತ್ತಾನೆ. ಓದಿದವರ ಮನಸ್ಸು ಕರಗುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. 1780ರಲ್ಲಿ ಸೋದರತ್ತೆ ತೀರಿಕೊಂಡಳು, ಆಮೆ ಉಳಿಯಿತು. ವೈಟನು ಚಳಿಗಾಲದ ನಿದ್ದೆಯಲ್ಲಿ ಮಣ್ಣಿನಡಿ ಇದ್ದ ಅದನ್ನು ಅಗೆದು ತೆಗೆದು, ಕುದುರೆಗಾಡಿಯಲ್ಲಿ 80 ಮೈಲಿ ಸಾಗಿಸಿ ತನ್ನ ಊರಿಗೆ ತಂದನು. ಅವನೂ 1793ರಲ್ಲಿ ಸತ್ತನು. ಆಗಲೂ ಆಮೆ ಉಳಿದಿತ್ತು. ಮರುವರ್ಷ ಅದು ಸತ್ತ ಮೇಲೆ ಅದರ ಚಿಪ್ಪು ಲಂಡನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು. ಗಂಡುಹೆಸರಿನಿಂದ ಕರೆಸಿಕೊಂಡು ಅರ್ಧ ಶತಮಾನ ಬಾಳಿದ ಆ ಟಿಮೊತಿ ಹೆಣ್ಣಾಮೆಯೆಂದು ತಿಳಿದದ್ದು ಆ ಚಿಪ್ಪನ್ನು ಪರೀಕ್ಷಿಸಿದವರಿಂದ. ವೈಟನಂತಹ ಸೂಕ್ಷ್ಮದರ್ಶಿ, ದಿನದಿನದ ಮಳೆ ಗಾಳಿಗಳನ್ನು ಬರೆದಿಟ್ಟವನು, ತನ್ನ ತೋಟದ ಪ್ರಾಣಿಯ ಬಗೆಗೆ ಇಷ್ಟನ್ನೂ ಅರಿಯದೆ ಹೋದನು. ವಸಂತದಲ್ಲಿ ಅದು ತೋಟದ ಬೇಲಿಯಾಚೆ ತಪ್ಪಿಸಿಕೊಂಡು ಅಲೆದಾಗ ಅರಸಿದ್ದು ಏನನ್ನು ಎಂಬುದನ್ನು ಈಗ ಊಹಿಸಬಹುದಷ್ಟೆ. ಅದರ ಜಾತಿಯ ಇನ್ನೊಂದು ಆಮೆ ಇದ್ದುದು ಮೆಡಿಟರೇನಿಯನ್ ಸಮುದ್ರದ ತೀರದಲ್ಲಿ.

ನಕ್ಷತ್ರ ಆಮೆಯೂ ಮೂವತ್ತು ನಲವತ್ತು ವರ್ಷ ಸಹಜವಾಗಿ ಬಾಳಬಲ್ಲದು. ಹತ್ತು ವರ್ಷದ ಮಗು ಬೇಡಿ ತರಿಸಿದ ಆಮೆಯನ್ನು ಆ ಮಗುವಿನ ಓದು, ಉದ್ಯೋಗ, ಮದುವೆ, ವಲಸೆಗಳ ನಡುವೆ ನೋಡಿಕೊಳ್ಳುವವರು ಯಾರು? ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಧನ, ಧಾನ್ಯಗಳೊಡನೆ ಚತುಷ್ಪದಗಳನ್ನೂ ಎಣಿಸಬೇಕೆಂದು ಹಿರಿಯರು ಹೇಳಿದ್ದು ಬರಿಯ ಆಸ್ತಿಯ ಲೆಕ್ಕಕ್ಕಲ್ಲ. ಚಿನ್ನವನ್ನು ಪೆಟ್ಟಿಗೆಯಲ್ಲಿ ಮರೆತರೆ ಚಿನ್ನಕ್ಕೆ ನಷ್ಟವಿಲ್ಲ. ಜೀವವುಳ್ಳ ಪರಿಗ್ರಹವನ್ನು ಮರೆಯುವುದೇ ಹಿಂಸೆ. ಕೊಳ್ಳುವ ದಿನ ಕೈಯಂಗಳದಲ್ಲಿ ಹಿಡಿಸುವ ಮರಿಗೆ ಕೊಡುವ ಬೆಲೆಯಲ್ಲಿ ಈ ನಲವತ್ತು ವರ್ಷಗಳು ಕಾಣಿಸುವುದಿಲ್ಲ.

ಅಂಗಡಿಗಳಲ್ಲಿ ಮೀನಿನ ತೊಟ್ಟಿಗಳ ಪಕ್ಕ ಮಾರುವ, ಕಣ್ಣಿನ ಹಿಂದೆ ಕೆಂಪುಪಟ್ಟಿಯುಳ್ಳ ಹಸಿರು ನೀರಾಮೆಯ ಬಗೆಗೆ ಎರಡು ಮಾತು ಸಾಕು. ಅದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಜೀವಿ. ಮರಿಯಾಗಿದ್ದಾಗ ಹುಳು ಮೀನುಗಳನ್ನೇ ಹೆಚ್ಚಾಗಿ ತಿನ್ನುತ್ತದೆ. ಅಂಗಡಿಯವನು ಕೊಡುವ ಕಾಳಿನಂಥ ಆಹಾರದಲ್ಲಿ ಮೀನಿನ ಪುಡಿಯಿರುತ್ತದೆ. ಜೈನರ ಮನೆಯಲ್ಲಿ ಅದನ್ನು ಸಾಕಬೇಕಾದರೆ ಒಂದೋ ಆಮೆಯ ಧರ್ಮ ಕೆಡಬೇಕು, ಇಲ್ಲವೆ ಮನೆಯ ಧರ್ಮ ಕೆಡಬೇಕು.

ಇದುವರೆಗಿನದು ಇನ್ನೂ ತರದವರ ಮಾತು. ಈಗಾಗಲೇ ಮನೆಯಲ್ಲಿ ಆಮೆಯಿದ್ದರೆ? ಯಾರೋ ಬಂಧು ತಂದುಕೊಟ್ಟದ್ದು, ಹೊಲದಲ್ಲಿ ಸಿಕ್ಕಿತೆಂದು ಆಳು ತಂದದ್ದು, ತಿಳಿಯದೆ ಕೊಂಡದ್ದು. ಲೇಖನಗಳನ್ನು ಓದಿ ಮನಸ್ಸು ನೊಂದ ಗೃಹಸ್ಥನಿಗೆ ಮೊದಲು ಹೊಳೆಯುವುದು ಅಭಯದಾನ. ಒಂದು ಒಳ್ಳೆಯ ದಿನ ನೋಡಿ, ಬಸದಿಯ ಪುಷ್ಕರಿಣಿಗೋ ಊರ ಕೆರೆಗೋ ಬಿಟ್ಟು ಕೈಮುಗಿದು ಬರುತ್ತಾನೆ. ಎಲ್ಲಕ್ಕಿಂತ ಹೆಚ್ಚು ಅನಾಹುತ ನಡೆಯುವುದು ಈ ಪುಣ್ಯಕಾರ್ಯದಲ್ಲಿಯೇ. ಕನ್ನಡದಲ್ಲಿ ನೆಲದ್ದಕ್ಕೂ ನೀರಿನದಕ್ಕೂ ಆಮೆ ಎಂಬ ಒಂದೇ ಮಾತಿದೆ; ಶಾಸ್ತ್ರಗಳೂ ಕಚ್ಛಪವನ್ನು ಜಲಚರಗಳಲ್ಲಿ ಎಣಿಸಿವೆ. ಆದರೆ ನಕ್ಷತ್ರ ಆಮೆ ಒಣನೆಲದ ಜೀವಿ, ಈಜಲು ಬಾರದು. ಮೆಟ್ಟಿಲುಗಳ ಕಲ್ಯಾಣಿಗೆ ಬಿಟ್ಟ ಆಮೆ ದಡವೇರಲಾರದೆ ಮುಳುಗಿ ಸಾಯುತ್ತದೆ. ಬಿಟ್ಟವನು ಅಷ್ಟರಲ್ಲಿ ಪ್ರಸಾದ ಸ್ವೀಕರಿಸುತ್ತಿರುತ್ತಾನೆ. ಅತ್ತ ಅಮೆರಿಕದ ನೀರಾಮೆಯನ್ನು ಕೆರೆಗೆ ಬಿಟ್ಟರೆ ಅದು ಸಾಯುವುದಿಲ್ಲ. ಬಲಿತು, ಅಲ್ಲಿನ ಮೀನು ಕಪ್ಪೆಗಳನ್ನು ತಿಂದು, ನಮ್ಮ ಕೆರೆಗಳ ಆಮೆಗಳ ನೆಲೆಯನ್ನು ಕಸಿಯುತ್ತದೆ. ಒಂದಕ್ಕೆ ಅಭಯ ಕೊಡಹೋಗಿ ನೂರಕ್ಕೆ ಭಯ ಕೊಟ್ಟಂತೆ.

ಕಾಡಿಗೇ ಒಯ್ದು ಬಿಟ್ಟರಾಗದೆ? ಅದೂ ಸುಲಭವಲ್ಲ. ವಾಯವ್ಯ ಭಾರತದ ನಕ್ಷತ್ರ ಆಮೆಗಳಿಗೂ ದಕ್ಷಿಣದವುಗಳಿಗೂ ವಂಶಧಾತುವಿನಲ್ಲಿ ವ್ಯತ್ಯಾಸವಿದೆಯೆಂದು ವಿಜ್ಞಾನಿಗಳು ಕಂಡಿದ್ದಾರೆ. ಊರು ತಿಳಿಯದ ಆಮೆಯನ್ನು ಸಿಕ್ಕಲ್ಲಿ ಬಿಡುವಂತಿಲ್ಲ. ಮನೆಯ ಸೋಂಕನ್ನು ಅದು ಕಾಡಿನ ಆಮೆಗಳಿಗೆ ಹಂಚಲೂಬಹುದು. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ಮರಳಿ ತಂದರು. ಇಂತಹ ಆಮೆಗಳನ್ನು ಪ್ರತ್ಯೇಕವಾಗಿಟ್ಟು ಪರೀಕ್ಷಿಸಿದ ಮೇಲೆಯೇ ಕಾಡಿನ ಯೋಚನೆ ಮಾಡಬೇಕಾಗುತ್ತದೆ. ಹಿಡಿಯುವುದಕ್ಕೆ ಒಂದು ಗೋಣಿಚೀಲ ಸಾಕಾಗಿತ್ತು.

ಆದ್ದರಿಂದ ಉಳಿದಿರುವ ದಾರಿ ಅರಣ್ಯ ಇಲಾಖೆಗೆ ತಿಳಿಸಿ, ಆಮೆ ತಮ್ಮಲ್ಲಿಗೆ ಬಂದ ಬಗೆಯನ್ನು ಇದ್ದದ್ದು ಇದ್ದಂತೆ ಹೇಳಿ ಒಪ್ಪಿಸುವುದು. ಕಾನೂನಿನ ತೊಡಕಿನ ಭಯ ಸುಳ್ಳಲ್ಲ. ಆ ಭಯದಿಂದಲೇ ಎಷ್ಟೋ ಮಂದಿ ರಾತ್ರಿ ಹೊತ್ತು ಕೆರೆಯ ದಾರಿ ಹಿಡಿಯುತ್ತಾರೆ. ತಿಳಿದ ವಕೀಲರೊಬ್ಬರನ್ನು ಕೇಳಿ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಅಹಿಂಸಾಣುವ್ರತದ ತಪ್ಪನ್ನು ಸತ್ಯಾಣುವ್ರತದ ತಪ್ಪಿನಿಂದ ಮುಚ್ಚುವುದು ಮಾತ್ರ ಸಲ್ಲದು. ಒಪ್ಪಿಸುವವರೆಗೆ ಆಮೆಗೆ ಬೇಕಾದುದು ಬೆಳಗಿನ ನೇರ ಬಿಸಿಲು, ಪಕ್ಕದಲ್ಲಿ ನೆರಳು, ತೇವವಿಲ್ಲದ ಮಣ್ಣುನೆಲ, ಆಳವಿಲ್ಲದ ತಟ್ಟೆಯಲ್ಲಿ ನೀರು, ಗರಿಕೆ ಹುಲ್ಲು, ದಾಸವಾಳದ ಎಲೆ, ಪಾಪಾಸುಕಳ್ಳಿಯ ಮುಳ್ಳು ತೆಗೆದ ತುಂಡು. ಮುಟ್ಟಿದವರು ಕೈ ತೊಳೆಯಬೇಕು. ಆಮೆಗಳ ಮೈಮೇಲಿನ ರೋಗಾಣು ಮಕ್ಕಳಿಗೆ ಹೊಟ್ಟೆಬೇನೆ ತರಬಲ್ಲದು. ಕೊಡುವ ದಿನ ಮಗು ಅಳುತ್ತದೆ. ಅಳಲಿ. ಅಷ್ಟು ಅಳು ಬರುವಂತಿದ್ದರೆ, ಪ್ರಾಣಿಯೊಡನೆ ಇದ್ದುದರಿಂದ ದಯೆ ಮೂಡುತ್ತದೆ ಎಂಬ ಮಾತು ಆ ಮನೆಯ ಮಟ್ಟಿಗೆ ನಿಜವಾಯಿತು.

ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಜೈನರು ನಡೆಸುವ ಪಕ್ಷಿಗಳ ಆಸ್ಪತ್ರೆ ಬಹುಕಾಲದಿಂದ ಹೆಸರಾಗಿದೆ. ರೆಕ್ಕೆ ಮುರಿದ ಪಾರಿವಾಳಗಳನ್ನು ಅಲ್ಲಿ ಪಂಜರದಲ್ಲಿಯೇ ಇಡುತ್ತಾರೆ, ಅದೂ ಬಂಧವೇ. ಗುಣವಾದ ಹಕ್ಕಿಯನ್ನು ಹಾರಿಬಿಡುವುದು ಅಲ್ಲಿನ ಪದ್ಧತಿ. ಗಾಯಗೊಂಡ ಆಮೆಗೂ, ಇನ್ನು ಕಾಡಿಗೆ ಹೋಗಲಾರದ ಆಮೆಗೂ ಇಂತಹ ಆಶ್ರಯಗಳು ಬೇಕು, ಅವುಗಳಿಗೆ ಧನ ಬೇಕು. ಪಿಂಜರಾಪೋಳಗಳನ್ನು ಕಟ್ಟಿದ ಸಮಾಜಕ್ಕೆ ಇದು ಹೊಸ ಪಾಠವಲ್ಲ. ಇಲಾಖೆಯ ಅನುಮತಿ ಪಡೆದು ನಡೆಯುತ್ತಿರುವ ಪುನರ್ವಸತಿ ಕೇಂದ್ರವೊಂದಕ್ಕೆ ವರ್ಷದ ಮೇವಿನ ವೆಚ್ಚ ಕೊಡಲು ಟ್ರಸ್ಟಿನ ಸಭೆಯಲ್ಲಿ ಒಂದು ನಿರ್ಣಯ ಸಾಕು.

ಅದಕ್ಕೂ ಮೊದಲು, ಖರ್ಚಿಲ್ಲದೆ ಆಗಬೇಕಾದ ಕೆಲಸವೊಂದಿದೆ. ಪುಷ್ಕರಿಣಿಯಿರುವ ಪ್ರತಿಯೊಂದು ಕ್ಷೇತ್ರದಲ್ಲಿಯೂ, ಮೆಟ್ಟಿಲ ಬಳಿ, ಪಾದರಕ್ಷೆ ಬಿಡುವ ಕಡೆಯ ಫಲಕದಷ್ಟೇ ದೊಡ್ಡದಾಗಿ ಬರೆಸಬೇಕು: ಭಕ್ತರು ಆಮೆಗಳನ್ನು ಇಲ್ಲಿ ನೀರಿಗೆ ಬಿಡಬಾರದು, ತಂದಿದ್ದರೆ ಕಚೇರಿಯಲ್ಲಿ ಕೊಡಿರಿ. ಕಚೇರಿಯಲ್ಲಿ ಅರಣ್ಯ ಇಲಾಖೆಯ ದೂರವಾಣಿ ಸಂಖ್ಯೆಯೂ, ಒಂದು ಅಗಲವಾದ ಒಣ ಪೆಟ್ಟಿಗೆಯೂ ಇರಬೇಕು.